ಸಿಗ್ನಲ್ ಕಡ್ಡಿ ತುಂಬಿದ್ದರೂ ಜಿಯೋ 4ಜಿ ರೂಟರ್ ಸಂಜೆ ನಿಧಾನ (ತೋಟದ ಮನೆ)

ನಿಮ್ಮ ರೂಟರ್ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5ಕ್ಕೆ (ಟವರ್ ಬಳಸುವ ತರಂಗ ಪಟ್ಟಿಗಳಲ್ಲಿ ಒಂದು) ಅಂಟಿಕೊಂಡಿರಬೇಕು. ಅದು ಗುಡ್ಡ, ಅಡಿಕೆ ತೋಟ ದಾಟಿ ದೂರ ಬರುತ್ತದೆ, ಅದಕ್ಕೇ ಕಡ್ಡಿ ತುಂಬ ಕಾಣುತ್ತವೆ. ಆದರೆ ಆ ಪಟ್ಟಿಯ ಅಗಲ ಕಡಿಮೆ, ಒಮ್ಮೆಗೆ ಹೆಚ್ಚು ಡೇಟಾ ಸಾಗದು. ಸಂಜೆ ಊರೆಲ್ಲ ಒಟ್ಟಿಗೆ ವಿಡಿಯೊ ಹಚ್ಚಿದರೆ ಕಟ್ಟಿಕೊಳ್ಳುತ್ತದೆ.

ಮೊದಲು ರೂಟರ್‌ನ ಅಡ್ಮಿನ್ ಪುಟದಲ್ಲಿ ಬ್ಯಾಂಡ್, ಆರ್‌ಎಸ್‌ಆರ್‌ಪಿ (ಸಿಗ್ನಲ್‌ನ ಬಲ), ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಸ್ಪಷ್ಟ) ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ಹೆಚ್ಚು ಡೇಟಾ ಸಾಗಿಸುವ ಬ್ಯಾಂಡ್ 3 (1800 ಮೆಗಾಹರ್ಟ್ಸ್) ಅಥವಾ 40ಕ್ಕೆ (2300 ಮೆಗಾಹರ್ಟ್ಸ್) ಲಾಕ್ ಮಾಡಿ (ಕೆಲವು ಮಾದರಿಗಳಲ್ಲಿ ಈ ಆಯ್ಕೆ ಇರುವುದಿಲ್ಲ). ರೂಟರನ್ನು ಅಟ್ಟಕ್ಕೋ ಟವರ್ ಕಡೆಯ ಕಿಟಕಿಗೋ ಒಯ್ದು, ಎರಡು ನಿಮಿಷ ಬಿಟ್ಟು ಮತ್ತೆ ಓದಿ. ಆರ್‌ಎಸ್‌ಆರ್‌ಪಿ ಮೈನಸ್ 105ಕ್ಕಿಂತ ಉತ್ತಮ (ಅಂದರೆ ಸೊನ್ನೆಗೆ ಹತ್ತಿರ), ಎಸ್‌ಐಎನ್‌ಆರ್ 5ಕ್ಕಿಂತ ಹೆಚ್ಚಿದ್ದರೆ ಅಲ್ಲೇ ಇಡಿ. ವೇಗವನ್ನು ರಾತ್ರಿ ಎಂಟರ ಹೊತ್ತಿಗೇ ಅಳೆಯಿರಿ, ಬೆಳಿಗ್ಗೆ ಅಳೆದರೆ ಏನೂ ತಿಳಿಯದು.

ಸಾಲದಿದ್ದರೆ ಹೊರಗೆ ಆಂಟೆನಾ ಹಾಕಿ. ರೂಟರ್‌ನ ಎರಡೂ ಆಂಟೆನಾ ಪೋರ್ಟ್‌ಗಳಿಗೆ ಸಂಪರ್ಕ ಬೇಕು. ತೆಳ್ಳಗಿನ ಆರ್‌ಜಿ 58 ಆಂಟೆನಾ ಕೇಬಲ್ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ. ಹತ್ತು ಮೀಟರ್ ಎಳೆದರೆ ಆಂಟೆನಾದ ಲಾಭವೆಲ್ಲ ಅದರಲ್ಲೇ ಹೋಗುತ್ತದೆ. ಉದ್ದ ಬೇಕಿದ್ದರೆ ರೂಟರನ್ನೇ ಮೇಲೇರಿಸಿ, ಕೆಳಕ್ಕೆ ಲ್ಯಾನ್ ಕೇಬಲ್ ಎಳೆಯಿರಿ. ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ದಯವಿಟ್ಟು ಬೇಡ: ಅನುಮತಿಯಿಲ್ಲದೆ ಹಾಕುವುದು ಕಾನೂನುಬಾಹಿರ, ಅಕ್ಕಪಕ್ಕದವರ ಕರೆಗಳೂ ಕೆಡುತ್ತವೆ.

ಟವರೇ ತುಂಬಿದ್ದರೆ ಆಂಟೆನಾ ಕೆಲಸಕ್ಕೆ ಬಾರದು. ಆದ್ದರಿಂದ ದುಡ್ಡು ಹಾಕುವ ಮೊದಲು ಬೇರೆ ಕಂಪನಿಯ ಪ್ರಿಪೇಯ್ಡ್ ಸಿಮ್ಮನ್ನು ಫೋನಿಗೆ ಹಾಕಿ, ಅದೇ ಜಾಗ, ಅದೇ ಹೊತ್ತಿನಲ್ಲಿ ಅಳೆದು ನೋಡಿ.