ಅಡುಗೆಮನೆ ಪ್ರಶ್ನೋತ್ತರ: ಬಾದಾಮಿ ಬಿಸ್ಕತ್ತು ಗರಿಗರಿಯಾಗಿ ಉಳಿಯಲು

ಪ್ರಶ್ನೆ: ಕ್ರಿಸ್‌ಮಸ್‌ಗೆ ಅಕ್ಕಪಕ್ಕದ ಮನೆಗಳಿಗೆ ಹಂಚಲೆಂದು ಹೋದ ವರ್ಷ ಇಟಲಿಯ ಕಾಂತುಚ್ಚಿ (ದಿಂಡಾಗಿ ಬೇಯಿಸಿ, ಕೊಯ್ದು, ಮತ್ತೊಮ್ಮೆ ಬೇಯಿಸುವ ಬಾದಾಮಿ ಬಿಸ್ಕತ್ತು) ಮಾಡಿದ್ದೆ. 100 ಗ್ರಾಂ ಬೆಣ್ಣೆ ಹಾಕಿದ್ದೆ. ಕೊಯ್ಯುವಾಗ ಅರ್ಧದಷ್ಟು ಮುರಿದವು, ಉಳಿದವು ಮೂರೇ ದಿನಕ್ಕೆ ಮೆತ್ತಗಾದವು. ತಪ್ಪೆಲ್ಲಿ?
– ಓದುಗರು, ಕಾರವಾರ

ಉತ್ತರ: ಬೆಣ್ಣೆ ಪೂರ್ತಿ ಬಿಡಿ. ಇಟಲಿಯ ಟಸ್ಕನಿ ಪ್ರಾಂತ್ಯದ ಪ್ರಾತೊ ಊರಿನ ಹಳೆಯ ಕ್ರಮದಲ್ಲಿ ಬೆಣ್ಣೆಯೂ ಇಲ್ಲ, ಎಣ್ಣೆಯೂ ಇಲ್ಲ. ಬಹುದಿನ ಕೆಡದೆ ಇರುವುದಕ್ಕೆ ಅದೂ ಒಂದು ಕಾರಣ.

ಮೈದಾ 250 ಗ್ರಾಂ, ಸಕ್ಕರೆ 150 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಮಚ, ಚಿಟಿಕೆ ಉಪ್ಪು, ಸಿಪ್ಪೆ ಸಮೇತ ಇಡೀ ಬಾದಾಮಿ 150 ಗ್ರಾಂ, ಮೊಟ್ಟೆ ಎರಡು. ನಮ್ಮಲ್ಲಿ ಸಿಗುವ ಮೊಟ್ಟೆ ಸಣ್ಣದಿದ್ದರೆ ಇನ್ನೊಂದರ ಹಳದಿ ಸೇರಿಸಿ. ಹಿಟ್ಟು ಕೈಗೆ ಅಂಟುತ್ತದೆ; ಮೈದಾ ಉದುರಿಸುತ್ತ ಹೋಗಬೇಡಿ, ಕೈ ಒದ್ದೆ ಮಾಡಿಕೊಳ್ಳಿ. ಐದು ಸೆಂ.ಮೀ. ಅಗಲದ ಎರಡು ಉದ್ದನೆಯ ದಿಂಡು ಮಾಡಿ, 180 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿ.

ಮುರಿಯುವುದು ಕೊಯ್ಯುವ ಹೊತ್ತು ತಪ್ಪಿದ್ದಕ್ಕೆ. ಬಿಸಿಬಿಸಿ ಕೊಯ್ದರೆ ಒಳಗಿನ ಮೆದು ಭಾಗ ಕಿತ್ತು ಬರುತ್ತದೆ. ಪೂರಾ ಆರಿದ ಮೇಲೆ ಕೊಯ್ದರೆ ಮೇಲ್ಪದರ ಗಟ್ಟಿಯಾಗಿ, ಚಾಕು ಬಾದಾಮಿಗೆ ತಾಗಿದಲ್ಲೇ ಹೋಳು ಸೀಳುತ್ತದೆ. ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗಿರುವಾಗ, ಅಂದರೆ 10–12 ನಿಮಿಷ ಬಿಟ್ಟು, ಹಲ್ಲಿರುವ ಬ್ರೆಡ್ ಚಾಕುವಿನಿಂದ ಗರಗಸ ಎಳೆದಂತೆ ಒಂದೂವರೆ ಸೆಂ.ಮೀ. ದಪ್ಪಕ್ಕೆ ಓರೆಯಾಗಿ ಕೊಯ್ಯಿರಿ. ಒತ್ತಬೇಡಿ.

ಎರಡನೆಯ ಸಲ ಬೇಯಿಸುವುದು ಬಣ್ಣಕ್ಕಲ್ಲ, ತೇವ ಆರಿಸಲಿಕ್ಕೆ. 150 ಡಿಗ್ರಿಯಲ್ಲಿ ಒಂದೊಂದು ಮಗ್ಗುಲು 10 ನಿಮಿಷ. ಆಮೇಲೆ ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು ಅಲ್ಲೇ ಬಿಡಿ. ಒಂದನ್ನು ತಣಿಸಿ ಮುರಿದು ನೋಡಿ: ನಡುಭಾಗ ಟಕ್ಕೆಂದು ಮುರಿಯಬೇಕು. ಸ್ವಲ್ಪ ಬಗ್ಗಿದರೂ ಇನ್ನೈದು ನಿಮಿಷ ಬೇಕು. ಬಿಸಿಯಿರುವಾಗ ಪರೀಕ್ಷಿಸಿದರೆ ಎಲ್ಲವೂ ಮೆತ್ತಗೇ ಕಾಣುತ್ತವೆ.

ಕಡಲ ಗಾಳಿಯ ತೇವವನ್ನು ಸಕ್ಕರೆ ಬೇಗ ಎಳೆದುಕೊಳ್ಳುತ್ತದೆ. ರಾತ್ರಿಯಿಡೀ ತಟ್ಟೆಯಲ್ಲಿ ಹರವಿಟ್ಟರೆ ಬೆಳಿಗ್ಗೆಗೆ ಮಾಡಿದ್ದೆಲ್ಲ ವ್ಯರ್ಥ. ತಣಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗ ತುಂಬಿದರೂ ಒಳಗಿನ ಹಬೆಯೇ ಕೆಡಿಸುತ್ತದೆ. ಉಡುಗೊರೆಯ ರಟ್ಟಿನ ಪೆಟ್ಟಿಗೆ ತೇವ ತಡೆಯುವುದಿಲ್ಲ. ಮೊದಲು ಜಿಪ್ ಕವರಿಗೆ ಹಾಕಿ, ಆಮೇಲೆ ಪೆಟ್ಟಿಗೆಯಲ್ಲಿಡಿ. ಹೀಗಿಟ್ಟರೆ ಮೂರು ವಾರ ನಿಶ್ಚಿಂತೆ. ಮೆತ್ತಗಾದರೆ 150 ಡಿಗ್ರಿಯಲ್ಲಿ ಎಂಟು ನಿಮಿಷ ಬಿಸಿ ಮಾಡಿದರೆ ಮತ್ತೆ ಗರಿಗರಿ.

ಪ್ರಶ್ನೆ: ಇದನ್ನೇ ಮೊಟ್ಟೆಯಿಲ್ಲದೆ ಮಾಡಬಹುದೇ?
– ಓದುಗರು, ಶಿರಸಿ

ಉತ್ತರ: ಮಾಡಬಹುದು, ಆದರೆ ಆ ಗಟ್ಟಿ ಕುರುಕು ಬರುವುದಿಲ್ಲ. ಮೊಟ್ಟೆಯ ಬದಲು ಕರಗಿಸಿದ ಬೆಣ್ಣೆ 40 ಗ್ರಾಂ, ಹಾಲು ಸುಮಾರು 80 ಮಿ.ಲೀ.; ಹಾಲನ್ನು ಚಮಚ ಚಮಚವಾಗಿ ಹಾಕಿ, ಹಿಟ್ಟು ಕೂಡಿಕೊಂಡಲ್ಲಿಗೆ ನಿಲ್ಲಿಸಿ. ಬೇಕಿಂಗ್ ಪೌಡರ್ ಒಂದು ಚಮಚಕ್ಕೆ ಏರಿಸಿ. ಬೆಣ್ಣೆ ಇರುವುದರಿಂದ ಹತ್ತು ದಿನದೊಳಗೆ ತಿಂದು ಮುಗಿಸಬೇಕು. ಎರಡೂ ಬಗೆ ಮಾಡಿ ಹಂಚುವುದಾದರೆ ಯಾವುದರಲ್ಲಿ ಮೊಟ್ಟೆ ಇದೆ ಎಂದು ಪೆಟ್ಟಿಗೆಯ ಮೇಲೆ ದಯವಿಟ್ಟು ಬರೆಯಿರಿ.