ತಮ್ಮನ ಮಂಡಿಗೆ ಆಗಬಹುದು, ಅಮ್ಮನ ಮಂಡಿಗೆ ಬೇಡ

ಮೂಡಿಗೆರೆಯ ತೋಟದಲ್ಲಿ ಜಾರಿಬಿದ್ದ ತಮ್ಮನ ಮಂಡಿಯಲ್ಲಿ ಕಾರ್ಟಿಲೇಜ್ (ಮೂಳೆಯ ತುದಿಗಿರುವ ನುಣುಪಾದ ಮೆತ್ತೆ) ಕಿತ್ತುಬಂದಿದೆ, ಲ್ಯಾಬಲ್ಲಿ ಬೆಳೆಸಿ ಹಾಕಬಹುದಾ, ಅಮ್ಮನ ಸವೆದ ಮಂಡಿಗೂ ಆಗುತ್ತಾ ಅಂತ ಕೇಳಿದ್ದೀರಿ. ತಮ್ಮನಿಗೆ ಆಗಬಹುದು. ಅಮ್ಮನಿಗೆ ಸದ್ಯಕ್ಕೆ ಇಲ್ಲ.

ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ಹಾಗಾಗಿ ತಾನಾಗಿ ಸರಿಯಾಗಿ ಮಾಯುವುದಿಲ್ಲ. 1994ರಲ್ಲಿ ಸ್ವೀಡನ್ನಿನ ವೈದ್ಯರು ಒಂದು ದಾರಿ ತೋರಿಸಿದರು. ಭಾರ ಕಡಿಮೆ ಬೀಳುವ ಜಾಗದಿಂದ ಚೂರು ತೆಗೆದು, ಅದರ ಜೀವಕೋಶಗಳನ್ನು ಕೆಲವು ವಾರ ಬೆಳೆಸಿ, ಕಾರ್ಟಿಲೇಜ್ ಕಿತ್ತುಹೋದ ಗುಂಡಿಯೊಳಗೆ ತುಂಬುವುದು. ಎರಡು ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ.

ತೊಂದರೆ ಇರುವುದು ಬೆಳೆಸುವುದರಲ್ಲೇ. ಚಪ್ಪಟೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಈ ದುಂಡು ಕೋಶಗಳು ಬರಬರುತ್ತಾ ಉದ್ದುದ್ದ ಆಗುತ್ತವೆ. ಕಾರ್ಟಿಲೇಜಿಗೆ ಬೇಕಾದ ಟೈಪ್ 2 ಕೊಲಾಜೆನ್ ಅನ್ನುವ ಪ್ರೋಟೀನ್ ಬಿಟ್ಟು ಟೈಪ್ 1 ಮಾಡತೊಡಗುತ್ತವೆ. ಅದು ಗಾಯದ ಕಲೆಯಲ್ಲಿರುವಂಥ ಸರಕು, ಮಂಡಿಗೆ ಸಾಲದು. ಅದಕ್ಕೇ ಕಾರ್ಟಿಲೇಜಿನ ಮೇಲ್ಪದರದಲ್ಲಿ ಸಿಗುವ ಪ್ರೊಜೆನಿಟರ್ ಕೋಶಗಳ (ಹೊಸ ಕಾರ್ಟಿಲೇಜ್ ಕೋಶ ಹುಟ್ಟಿಸಬಲ್ಲ ಮೂಲಕೋಶಗಳ) ಮೇಲೆ ಈಗ ಹಲವು ಸಂಶೋಧಕರ ಕಣ್ಣು. ಎಷ್ಟೋ ಸಲ ಒಡೆದು ಹೆಚ್ಚಾದರೂ ಕಾರ್ಟಿಲೇಜ್ ಮಾಡುವ ಗುಣ ಇವುಗಳಲ್ಲಿ ಉಳಿಯುತ್ತದೆ. ಇನ್ನೊಂದು ಆಯ್ಕೆಯಾದ, ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳಿಗೆ ಕೊನೆಗೆ ಮೂಳೆಯಾಗುವ ಚಾಳಿ ಜಾಸ್ತಿ. ನನಗಂತೂ ಪ್ರೊಜೆನಿಟರ್ ಮೇಲೇ ಭರವಸೆ, ಆದರೆ ಅದಿನ್ನೂ ಸಂಶೋಧನೆ.

ಅಮ್ಮನದು ಒಂದು ಗುಂಡಿಯಲ್ಲ, ಇಡೀ ಮಂಡಿಯ ಸವೆತ. ಕುಸಿಯುವ ಗೋಡೆಗೆ ಸುಣ್ಣ ಬಳಿದ ಹಾಗಾಗುತ್ತದೆ. "ಒಂದೇ ಇಂಜೆಕ್ಷನ್, ಹೊಸ ಕಾರ್ಟಿಲೇಜ್" ಅನ್ನುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಶುರುಮಾಡಿಸಿ.

ತಮ್ಮನಿಗೆ ಹಾಸನದಲ್ಲೇ ಎಂಆರ್‌ಐ ಮಾಡಿಸಿ. ಗುಂಡಿ ಎಷ್ಟು ಅಗಲ, ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಸರಿಯಿದೆಯಾ ಅಂತ ಕೇಳಿ. ಸುಮಾರು 2 ಚದರ ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಸಾಮಾನ್ಯವಾಗಿ ಇಷ್ಟೆಲ್ಲ ಬೇಕಾಗುವುದಿಲ್ಲ.