ಏಟಿನ ಸದ್ದು, ಮಾತಿನ ಸೊಗಡು

‘ಅಮೆರಿಕದ ಹಳೆಯ ಪತ್ರಿಕೆಗಳಲ್ಲಿ ಬರುತ್ತಿದ್ದ, ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್ ಸೊಗಡಿನ ಕಾಮಿಕ್ಸ್‌ಗಳನ್ನು ಕಳೆದ ಸಂಚಿಕೆಯಲ್ಲಿ ಹೊಗಳಿ ಬರೆದಿದ್ದೀರಿ. ವಲಸೆ ಬಂದ ಬಡವರ ಹರಕು ಇಂಗ್ಲಿಷನ್ನು ಆಡಿಕೊಳ್ಳುವುದು, ಹುಡುಗನಿಗೆ ಏಟು ಬಿದ್ದರೆ ನಗುವುದು, ಇದೆಂಥ ಹಾಸ್ಯ?’ ಎಂದು ಸಾಗರದ ಓದುಗರೊಬ್ಬರು ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಸಿಟ್ಟಿಗೆ ನಮ್ಮ ಲೇಖನವೇ ದಾರಿ ಮಾಡಿಕೊಟ್ಟಿತು. ವ್ಯಂಗ್ಯಚಿತ್ರಕಾರ ಮಿಲ್ಟ್ ಗ್ರೋಸ್ ‘ಇಂಗ್ಲಿಷನ್ನು ಕೆಡಿಸಿ ನಗಿಸಿದ’ ಎಂದು ಅಚ್ಚು ಹಾಕಿದ್ದೆವು. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. 1895ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಗ್ರೋಸ್‌ಗೆ ಆ ಇಂಗ್ಲಿಷ್ ತನ್ನ ಬೀದಿಯಲ್ಲೇ ಕಿವಿಗೆ ಬಿದ್ದದ್ದು. ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಅವನ ಅಂಕಣವನ್ನೇ ನೋಡಿ. ಬಾಡಿಗೆ ವಠಾರದ ಗೋಡೆಯೊಳಗೆ ಹಗ್ಗ ಎಳೆದು ಸಾಮಾನು ಏರಿಸಿ ಇಳಿಸುವ ಒಂದು ಪೆಟ್ಟಿಗೆ. ಆ ಕಿಂಡಿಯಲ್ಲೇ ಮಹಡಿಯಿಂದ ಮಹಡಿಗೆ ಹೆಂಗಸರ ಹರಟೆ. ಒಂದು ಮನೆಯಲ್ಲಿ ಅಪ್ಪ ಮಗನಿಗೆ ಬಾರಿಸುತ್ತಿರುತ್ತಾನೆ, ಇನ್ನೊಂದರಲ್ಲಿ ತಾಯಿ ಕಥೆಯ ಆಸೆ ತೋರಿಸಿ ಮಗುವಿಗೆ ಉಣ್ಣಿಸುತ್ತಿರುತ್ತಾಳೆ: ‘ನೈಝ್ ಬೇಬಿ, ಇಟ್ ಒಪ್...’ ‘ನೈಸ್’ ಹೋಗಿ ‘ನೈಝ್’, ‘ಈಟ್ ಅಪ್’ ಹೋಗಿ ‘ಇಟ್ ಒಪ್’. ಕಣ್ಣಲ್ಲಿ ಓದಿದರೆ ಅಕ್ಷರದ ಕಲಸುಮೇಲೋಗರ. ಬಾಯಿಬಿಟ್ಟು ಓದಿದಾಗ ಆ ತಾಯಿ ಎದುರಿಗೇ ಕುಳಿತಂತಾಗುತ್ತದೆ. ಕೈಲಾಸಂ ನಾಟಕಗಳನ್ನು ಮೌನವಾಗಿ ಓದಿ ಸಪ್ಪೆ ಎಂದವರಿಗೆ ಈ ಗುಟ್ಟು ತಿಳಿದೀತು. 1926ರಲ್ಲಿ ಇವೆಲ್ಲ ಪುಸ್ತಕವಾಗಿ ಬಂದವು.

ನಗು ಉಚ್ಚಾರದ ಮೇಲಷ್ಟೇ ನಿಂತಿತ್ತೇ? 1930ರಲ್ಲಿ ಗ್ರೋಸ್ ಒಂದೇ ಒಂದು ಸಂಭಾಷಣೆಯೂ ಇಲ್ಲದ ಚಿತ್ರಕಾದಂಬರಿ ಬರೆದ. ಮೂಕಿ ಸಿನಿಮಾದ ಕಣ್ಣೀರ ಕಥೆಗಳನ್ನು ಅಣಕಿಸುವ ಆ ಪುಸ್ತಕದಲ್ಲಿ ಓಟ, ಬೀಳಾಟ, ಗುದ್ದಾಟ ಮಾತ್ರ. ಮಾತನ್ನು ಪೂರ್ತಿ ಕಿತ್ತುಹಾಕಿದರೂ ನಗು ಉಳಿಯಿತು. ನನಗೆ ಇನ್ನೂ ಪ್ರಿಯನಾದವನು ಅವನ ಇನ್ನೊಂದು ಕಾಮಿಕ್ಸ್ ನಾಯಕ ಕೌಂಟ್ ಸ್ಕ್ರೂಲೂಸ್. ಈ ಗಿಡ್ಡ ಪ್ರತಿ ಸಲವೂ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು ಊರಿಗೆ ಬರುತ್ತಾನೆ, ಹೊರಗಿನ ಬುದ್ಧಿವಂತರ ಆಟ ನೋಡಿ ಬೆಚ್ಚಿ ವಾಪಸು ಓಡುತ್ತಾನೆ. ಅಲ್ಲಿ ನೆಪೋಲಿಯನ್ ಟೋಪಿ ತೊಟ್ಟ ನಾಯಿ ಇಗ್ಗಿ ಕಾದಿರುತ್ತದೆ. ‘ನನ್ನ ಮೇಲೊಂದು ಕಣ್ಣಿಟ್ಟಿರು’ ಎಂದು ಅದಕ್ಕೆ ಹೇಳಿಕೊಳ್ಳುತ್ತಾನೆ.

ಏಟಿನ ವಿಷಯ. ಸ್ಲಾಪ್‌ಸ್ಟಿಕ್ ಎಂದು ಇಂಥ ಬೀಳಾಟ, ಗುದ್ದಾಟದ ಹಾಸ್ಯಕ್ಕೆ ಹೆಸರು; ಮೂಲದಲ್ಲಿ ಅದು ರಂಗದ ಮೇಲಿನ ಜೋಡಿ ಹಲಗೆ. ಹೊಡೆದರೆ ಸದ್ದು ಜೋರು, ನೋವು ಕಡಿಮೆ. ವಠಾರದ ಹುಡುಗನಿಗೆ ಬೀಳುವ ಏಟಿಗೆ ಆ ಸಬೂಬು ಕೊಡಲಾರೆ. ಅಲ್ಲಿ ನನಗೂ ನಗು ಬರುವುದಿಲ್ಲ.

ಇನ್ನೊಬ್ಬ ವ್ಯಂಗ್ಯಚಿತ್ರಕಾರ ಹ್ಯಾರಿ ಹರ್ಷ್‌ಫೀಲ್ಡ್‌ನ ವಿಷಯದಲ್ಲಂತೂ ನೀವು ಇನ್ನೂ ಜೋರಾಗಿ ಜಗಳವಾಡಬಹುದಿತ್ತು. ಅವನ ಮೊದಲಿನ ಒಂದು ಕಾಮಿಕ್ಸ್‌ನಲ್ಲಿ ನರಭಕ್ಷಕರ ನಾಯಕನೊಬ್ಬ ಯಿಡ್ಡಿಷ್ ಮಾತಾಡುತ್ತಾನೆ. ಅಲ್ಲಿ ನಗೆಯ ಬೆಲೆ ತೆತ್ತವರು ಯಹೂದಿಗಳಲ್ಲ, ನರಭಕ್ಷಕರೆಂದು ಬಿಂಬಿಸಲ್ಪಟ್ಟವರು. ಆದರೆ 1914ರಲ್ಲಿ ಅವನೇ ಶುರು ಮಾಡಿದ ‘ಏಬಿ ದಿ ಏಜೆಂಟ್’ ಬೇರೆ ಜಾತಿಯದು. ಕಾರು ಮಾರುವ, ಕಾಸಿಗೆ ಕಾಸು ಲೆಕ್ಕ ಹಾಕುವ, ಮರ್ಯಾದಸ್ಥ ಬೊಜ್ಜಿನ ಏಬಿ ಕಬಿಬಲ್ ಮಧ್ಯಮವರ್ಗಕ್ಕೆ ಏರುತ್ತಿರುವ ಯಹೂದಿ. ಅಂದಿನ ರಂಗಭೂಮಿಯ ಯಹೂದಿ ವಿದೂಷಕನ ವೇಷ ಅವನಿಗಿರಲಿಲ್ಲ.

ಇನ್ನು ಚಿತ್ರಕಾರ ಸ್ಯಾಮ್ಯುಯೆಲ್ ಝಗಟ್‌ನ ಮದುವೆ ದಲ್ಲಾಳಿ ಗಿಂಪ್ಲ್ ಬೈನಿಶ್‌ನನ್ನು ಮೇಲಿನವರ ಸಾಲಿಗೇ ಸೇರಿಸಿಬಿಟ್ಟಿದ್ದೆವು. 1912ರಿಂದ ‘ವಾರ್ಹೈಟ್’ ಪತ್ರಿಕೆಯಲ್ಲಿ ಬಂದ ಆ ಕಾಮಿಕ್ಸ್ ಇಂಗ್ಲಿಷಿನದಲ್ಲ, ಯಿಡ್ಡಿಷ್‌ನದೇ. ಅದನ್ನು ಓದಿ ನಕ್ಕವರು ಆ ಭಾಷೆಯ ಮನೆಮಂದಿಯೇ. ಹೀಬ್ರೂ ಲಿಪಿಯಾದ್ದರಿಂದ ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಟ ವಿನ್ಯಾಸದವರು ಅಭ್ಯಾಸಬಲದಿಂದ ಚಿತ್ರಗಳನ್ನು ಎಡದಿಂದ ಜೋಡಿಸಿ, ಕೊನೆಯದನ್ನು ಮೊದಲು ಇಟ್ಟಿದ್ದಾರೆ. ದಯವಿಟ್ಟು ತಿರುಗಿಸಿ ಓದಿಕೊಳ್ಳಿ.